ತಕ್ಕಡಿಯಲ್ಲಿ ಕಪ್ಪೆ: ಒಂದು ಸಾಕುಗಪ್ಪೆಯ ಪ್ರಕರಣ

ಕಪ್ಪೆ ತೂಗುವುದು ಅಂದರೆ ನಮ್ಮಲ್ಲಿ ಆಗದ ಕೆಲಸ ಅಂತ ಅರ್ಥ. ತಕ್ಕಡಿಯಲ್ಲಿ ಒಂದನ್ನು ಕೂರಿಸುವಷ್ಟರಲ್ಲಿ ಇನ್ನೊಂದು ಹಾರಿರುತ್ತದೆ. ನನ್ನ ಹೊಟ್ಟೆಪಾಡೇ ಅದು. ಅಮೆರಿಕದ ಪೂರ್ವ ಭಾಗದ ಒಂದು ಊರಿನಲ್ಲಿ ನಾನು ಪಶುವೈದ್ಯೆ. ನಾಯಿ ಬೆಕ್ಕುಗಳ ಜೊತೆಗೆ ಆಮೆ, ಹಲ್ಲಿ, ಕಪ್ಪೆಗಳೂ ನನ್ನ ಮೇಜಿಗೆ ಬರುತ್ತವೆ. ಹೆಬ್ಬಾಳದ ಕಾಲೇಜಿನಲ್ಲಿ ಹಸು, ಎಮ್ಮೆ, ಕುರಿ, ಕೋಳಿ ಕಲಿತೆ. ಕಪ್ಪೆ ಕೈಗೆ ಸಿಕ್ಕಿದ್ದು ಪಿಯುಸಿ ಲ್ಯಾಬಿನಲ್ಲಿ ಮಾತ್ರ, ಅದೂ ಮೇಣದ ತಟ್ಟೆಗೆ ಗುಂಡುಸೂಜಿ ಹಾಕಿ ಮಲಗಿಸಿದ್ದು. ಅದನ್ನು ಬದುಕಿಸಿಡುವುದು ಹೇಗೆ ಅಂತ ಕಲಿತದ್ದು ಇಲ್ಲಿಗೆ ಬಂದ ಮೇಲೆ.

ಈ ಪ್ರಕರಣ ಒಂದು ಕನ್ನಡ ಮನೆಯದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಎಲ್ಲ ಮರೆಮಾಡಿದ್ದೇನೆ, ಕಪ್ಪೆಗಳ ಹೆಸರನ್ನೂ ಬದಲಿಸಿದ್ದೇನೆ. ನನ್ನ ತಪ್ಪನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.

ಮನೆ, ತೊಟ್ಟಿ, ಕಪ್ಪೆ

ಅಪ್ಪ, ಅಮ್ಮ, ಹತ್ತು ವರ್ಷದ ಮಗಳು. ಮೇ ಕೊನೆಗೆ ಮಲೆನಾಡಿನಿಂದ ಬಂದ ಅಜ್ಜಿ. ನಾಯಿ ಬೇಕು ಅಂತ ಹಟ ಹಿಡಿದಿದ್ದ ಮಗಳಿಗೆ ಎರಡು ವರ್ಷದ ಹಿಂದೆ ಕಪ್ಪೆ ಕೊಡಿಸಿ ಸಮಾಧಾನ ಮಾಡಿದ್ದರು. ವೈಟ್ಸ್ ಟ್ರೀ ಫ್ರಾಗ್ ಅನ್ನುವ ಜಾತಿ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಮರಗಪ್ಪೆ. 1790ರಲ್ಲಿ ಇದನ್ನು ವಿವರಿಸಿದ ಸರ್ಜನ್ ಜಾನ್ ವೈಟ್ ಹೆಸರು ಅಂಟಿಕೊಂಡಿದೆ. ದಪ್ಪ, ಹಸಿರು, ಸದಾ ನಕ್ಕಂತೆ ಕಾಣುವ ಬಾಯಿ. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಮಗಳು ಅದಕ್ಕೆ ಪಡ್ಡು ಅಂತ ಹೆಸರಿಟ್ಟಿದ್ದಳು. ಗುಂಡಗೆ ಕೂತಾಗ ಹೆಸರು ಸರಿಯಾಗಿಯೇ ಒಪ್ಪುತ್ತಿತ್ತು.

ಮೊದಲ ನೋಟಕ್ಕೆ ಸಾಕಣೆ ಚೆನ್ನಾಗಿಯೇ ಇತ್ತು. ಎರಡಡಿ ಎತ್ತರದ ಗಾಜಿನ ತೊಟ್ಟಿ, ತೆಂಗಿನ ನಾರಿನ ಪುಡಿ, ಮನಿ ಪ್ಲಾಂಟ್, ಹಗಲು 27 ಡಿಗ್ರಿ, ರಾತ್ರಿ 22. ದಿನಾ ರಾತ್ರಿ ಹತ್ತು ಕ್ರಿಕೆಟ್ ಹುಳು, ಅಂದರೆ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಚಿಮ್ಮಂಡೆ. ಹುಳುಗಳಿಗೆ ತಿನ್ನಲು ಕ್ಯಾರೆಟ್. ಮೇಲೆ ಪುಡಿ ಉದುರಿಸುತ್ತಿದ್ದರು. ಕುಡಿಯುವ ನೀರನ್ನು ಕೊಳಾಯಿಯಿಂದ ಹಿಡಿದು ಒಂದು ರಾತ್ರಿ ತೆರೆದಿಟ್ಟು ಹಾಕುತ್ತಿದ್ದರು.

ಕೇಳಿದರೆ ಎಲ್ಲ ಸರಿ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಲಡ್ಡು ಬಂದ, ಲಡ್ಡು ಹೋದ

ಮೇ ಮೊದಲ ವಾರ ಒಂದು ಮಾರಾಟ ಮೇಳದಿಂದ ಅದೇ ಜಾತಿಯ ಇನ್ನೊಂದು ಕಪ್ಪೆ ತಂದರು. ಪಡ್ಡುಗೆ ಜೊತೆಯಾಗಲಿ ಅಂತ. ಹೆಸರು ಲಡ್ಡು. ಬಂದ ದಿನವೇ ಅದೇ ತೊಟ್ಟಿಗೆ ಬಿಟ್ಟರು. ಮೂರು ವಾರದಲ್ಲಿ ಲಡ್ಡು ಮಂಕಾದ. ಹಗಲಲ್ಲೂ ಕೆಳಗೆ, ನೀರಿನ ಬಟ್ಟಲಲ್ಲೇ ಕೂತಿರುತ್ತಿದ್ದ. ಮೈಯಿಂದ ಪೊರೆ ಮತ್ತೆಮತ್ತೆ ಏಳುತ್ತಿತ್ತು. ಒಂದು ಬೆಳಿಗ್ಗೆ ಕಾಲು ಚಾಚಿ ಬಿದ್ದಿದ್ದ. ಮಗಳು ಅತ್ತಳು. ಹಿತ್ತಲಿನ ಗುಲಾಬಿ ಬುಡದಲ್ಲಿ ಹೂತರು.

ಜೂನ್ ಮೊದಲ ವಾರ ಪಡ್ಡುವನ್ನು ನನ್ನ ಹತ್ತಿರ ತಂದರು. ಅಪ್ಪ ಹೇಳಿದ್ದು ಇಷ್ಟೇ: "ಡಾಕ್ಟ್ರೇ, ಆ ಕಪ್ಪೆಯಿಂದ ಇದಕ್ಕೂ ಏನೋ ಅಂಟಿದೆ. ಎರಡು ವಾರದಿಂದ ಸರಿಯಾಗಿ ತಿಂತಿಲ್ಲ."

ತೂಗಿದೆ. 71 ಗ್ರಾಂ. ಮೊದಲು ಎಷ್ಟಿತ್ತು ಅಂತ ಕೇಳಿದೆ. ಅಪ್ಪ ಭುಜ ಕುಣಿಸಿದರು. ಮೂಲೆಯ ಕುರ್ಚಿಯಿಂದ ಮಗಳು, "ಆಂಟಿ, ನನ್ನ ಸೈನ್ಸ್ ಪ್ರಾಜೆಕ್ಟ್ ಬುಕ್ಕಲ್ಲಿ..." ಅಂತ ಶುರು ಮಾಡಿದಳು. "ಆಮೇಲೆ ಪುಟ್ಟಿ, ಡಾಕ್ಟರ್ ನೋಡ್ತಿದಾರೆ" ಅಂದರು ಅಪ್ಪ. ನಾನೂ ಸುಮ್ನೆ ತಲೆಯಾಡಿಸಿ ಮುಂದೆ ಹೋದೆ.

ಈ ಪ್ರಕರಣದಲ್ಲಿ ನನಗೆ ಈಗಲೂ ಚುಚ್ಚುವುದು ಆ ಅರ್ಧ ವಾಕ್ಯ.

ಹನ್ನೊಂದು ದಿನದ ಸ್ನಾನ

ಹೊಸ ಕಪ್ಪೆ, ಏಳುವ ಪೊರೆ, ಸಾವು. ಇಷ್ಟು ಕೇಳಿದರೆ ಕಪ್ಪೆ ವೈದ್ಯರ ತಲೆಗೆ ಬರುವ ಮೊದಲ ಹೆಸರು ಕೈಟ್ರಿಡ್. ಇದೊಂದು ಶಿಲೀಂಧ್ರ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯ ಕೆಳಗಿನ ತೆಳು ಚರ್ಮದಿಂದ ಹೀರುತ್ತದೆ. ಮೈಯ ಉಪ್ಪಿನಂಶವನ್ನು ಹದದಲ್ಲಿಡುವುದೂ ಚರ್ಮವೇ. ಕೈಟ್ರಿಡ್ ಆ ಚರ್ಮವನ್ನು ದಪ್ಪಗಾಗಿಸಿ ಕೆಡಿಸುತ್ತದೆ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿದು ಕೊನೆಗೆ ಹೃದಯ ನಿಲ್ಲುತ್ತದೆ. 1998ರಲ್ಲಿ ಗುರುತು ಹಿಡಿದು, 1999ರಲ್ಲಿ ಹೆಸರಿಟ್ಟರು. 2019ರಲ್ಲಿ ಬಂದ ಒಂದು ದೊಡ್ಡ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 501 ಜಾತಿಯ ಉಭಯಚರಗಳು ಇದರಿಂದ ಕುಸಿದಿವೆ. ಅದರಲ್ಲಿ 90 ಇಲ್ಲವೇ ಆಗಿವೆ ಅಂತ ಅಂದಾಜು.

ಲಡ್ಡುವಿನ ದೇಹ ಸಿಕ್ಕಿದ್ದರೆ ಖಚಿತವಾಗಿ ಹೇಳಬಹುದಿತ್ತು. ಸತ್ತ ಕಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಇನ್ನೊಂದು ಡಬ್ಬಿಯಲ್ಲಿಟ್ಟು ತಂಪಿನಲ್ಲಿಡಬೇಕು. ಫ್ರಿಜ್ಜಿನಲ್ಲಿ, ಫ್ರೀಜರಿನಲ್ಲಲ್ಲ. ಹೆಪ್ಪುಗಟ್ಟಿದರೆ ಒಳಗಿನ ಅಂಗಾಂಶ ಕೆಟ್ಟು ಸೂಕ್ಷ್ಮದರ್ಶಕದಲ್ಲಿ ಏನೂ ತಿಳಿಯುವುದಿಲ್ಲ. ಹಿತ್ತಲಿನಲ್ಲಿ ಹೂಳುವುದಂತೂ ಬೇಡವೇ ಬೇಡ. ಇವರ ಹಿತ್ತಲ ಹಿಂದೆ ಒಂದು ಕೆರೆಯಂಥ ಹಳ್ಳವಿದೆ, ವಸಂತ ಬಂದರೆ ಊರಿನ ಕಪ್ಪೆಗಳೆಲ್ಲ ಅಲ್ಲಿ ಸೇರಿ ಕೂಗುತ್ತವೆ. ಅಂಗಡಿಯಿಂದ ಬಂದ ರೋಗ ಅಲ್ಲಿಗೆ ಹೋಗಬಾರದು.

ಉಳಿದದ್ದು ಪಡ್ಡು. ಕೋವಿಡ್ ಕಾಲದಲ್ಲಿ ಮೂಗಿಗೆ ಹಾಕಿದ್ದರಲ್ಲ, ಅಂಥದ್ದೇ ಹತ್ತಿಕಡ್ಡಿ. ಹೊಟ್ಟೆ, ತೊಡೆ, ಕಾಲ್ಬೆರಳುಗಳ ಮೇಲೆ ಸವರಿ ಪಿಸಿಆರ್‌ಗೆ ಕಳಿಸಿದೆ. ಪಾಸಿಟಿವ್ ಬಂತು. ಆದರೆ ಶಿಲೀಂಧ್ರದ ಪ್ರಮಾಣ ಕಡಿಮೆ. ಚರ್ಮ ನೋಡಲು ಹೆಚ್ಚುಕಮ್ಮಿ ಸರಿಯಾಗಿಯೇ ಇತ್ತು. ಮಲ ಪರೀಕ್ಷೆಯಲ್ಲಿ ಅಲ್ಲೊಂದು ಇಲ್ಲೊಂದು ಹುಳುಮೊಟ್ಟೆ, ತಲೆ ಕೆಡಿಸಿಕೊಳ್ಳುವಷ್ಟಲ್ಲ.

ಚಿಕಿತ್ಸೆ ಮಾಡಬೇಕೇ ಬೇಡವೇ ಅನ್ನುವ ಪ್ರಶ್ನೆ ಇರಲಿಲ್ಲ, ಮಾಡಲೇಬೇಕು. ಇಟ್ರಾಕೊನಜೋಲ್ ಔಷಧದ ದ್ರಾವಣದಲ್ಲಿ ದಿನಾ ಐದು ನಿಮಿಷ ಕೂರಿಸುವುದು, ಹನ್ನೊಂದು ದಿನ. ಹಿಂದೆ ಇದಕ್ಕೆ ಶೇ. 0.01 ದ್ರಾವಣ ಬಳಸುತ್ತಿದ್ದರು. ಕೆಲವು ಕಪ್ಪೆಗಳಿಗೆ ಅದು ಕಟುವಾಗುತ್ತದೆ ಅಂತ ತಿಳಿದ ಮೇಲೆ ಅದರ ಕಾಲುಭಾಗ, ಶೇ. 0.0025 ಕೂಡ ಬಳಕೆಗೆ ಬಂತು. ನಾನು ಕೊಟ್ಟದ್ದು ಅದೇ. ತೊಟ್ಟಿಯ ನಾರು, ಗಿಡ ಎಲ್ಲ ಚೀಲ ಕಟ್ಟಿ ಕಸಕ್ಕೆ. ಗಾಜನ್ನು ಬ್ಲೀಚಿನಲ್ಲಿ ತೊಳೆದು, ಪೂರ್ತಿ ಒಣಗಿಸುವುದು. ಈ ಶಿಲೀಂಧ್ರಕ್ಕೆ ಒಣಗುವುದನ್ನು ತಡೆದುಕೊಳ್ಳಲು ಆಗುವುದಿಲ್ಲ. ಪಡ್ಡು ಅಷ್ಟು ದಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒದ್ದೆ ಪೇಪರ್ ಟವೆಲ್ ಮೇಲೆ. ದಿನಾ ಟವೆಲ್ ಬದಲು.

ಅಪ್ಪ ಸಾಫ್ಟ್‌ವೇರಿನವರು, ಚಾಚೂ ತಪ್ಪದೆ ಮಾಡಿದರು. ಫೋನಿನಲ್ಲಿ ಟೈಮರ್ ಇಟ್ಟು, ಪುಡಿಯಿಲ್ಲದ ಕೈಗವಸು ಒದ್ದೆ ಮಾಡಿಕೊಂಡು. ಆರನೆಯ ದಿನ 69 ಗ್ರಾಂ. ಹನ್ನೊಂದನೆಯ ದಿನ 67.

ಇಳಿಯುತ್ತಿದೆಯಲ್ಲ ಅಂತ ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಸಿದ್ಧವಾಗಿತ್ತು: ಈ ಔಷಧಕ್ಕೆ ಹಸಿವು ಕಮ್ಮಿಯಾಗುತ್ತದೆ, ದಿನಾ ಹಿಡಿದು ಮುಳುಗಿಸಿದರೆ ಯಾವ ಪ್ರಾಣಿಗೂ ಬೇಜಾರೇ. ಎರಡೂ ನಿಜ. ಆದರೆ ಪಾಸಿಟಿವ್ ಅಂತ ಒಂದು ಕಾಗದ ಕೈಗೆ ಬಂದ ಮೇಲೆ ಬೇರೆ ಯೋಚನೆಯನ್ನೇ ನಿಲ್ಲಿಸಿಬಿಡುವುದು ನಮ್ಮ ವೃತ್ತಿಯ ಕೆಟ್ಟ ಚಟ. ನಾನು ಅದಕ್ಕೆ ಹೊರತಲ್ಲ.

ಅಜ್ಜಿಯ ಫೋನು

ಮಗಳು ಬೇಸಿಗೆ ಶಿಬಿರಕ್ಕೆ, ಅಪ್ಪ ಅಮ್ಮ ಕೆಲಸಕ್ಕೆ. ಮನೆಯಲ್ಲಿ ಅಜ್ಜಿ ಮತ್ತು ಪಡ್ಡು. ಮೊದಮೊದಲು ಅಜ್ಜಿಗೆ ಇದೆಲ್ಲ ತಮಾಷೆ. "ಮಳೆ ಬರದಿದ್ರೆ ಕಪ್ಪೆಗೆ ಮದುವೆ ಮಾಡೋದು ಕೇಳಿದೀನಿ, ಆಸ್ಪತ್ರೆಗೆ ಕರ್ಕೊಂಡು ಹೋಗೋದು ಇಲ್ಲೇ ನೋಡಿದ್ದು" ಅಂತಿದ್ದರಂತೆ. ಆದರೆ ಅವರಿಗೆ ಕಪ್ಪೆ ಹೊಸದಲ್ಲ. ಬಚ್ಚಲಮನೆಯ ಹಂಡೆಯ ಹಿಂದೆ ಮರಗಪ್ಪೆ ಕೂತಿರುತ್ತಿದ್ದ ಮನೆಯಲ್ಲಿ ಬೆಳೆದವರು. ಮಧ್ಯಾಹ್ನ ಊಟವಾದ ಮೇಲೆ ಡಬ್ಬಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಸಂಜೆ ಹುಳು ಬಿಡುವುದೂ ಅವರ ಕೆಲಸವಾಯಿತು.

ಸ್ನಾನ ಮುಗಿದ ಎರಡು ದಿನಕ್ಕೆ ನನಗೆ ಫೋನು ಬಂತು. ಅಪ್ಪನ ನಂಬರು, ಅಜ್ಜಿಯ ದನಿ.

"ನೋಡಮ್ಮ, ಇವರೆಲ್ಲ ಕಪ್ಪೆ ತಿಂತಿಲ್ಲ ತಿಂತಿಲ್ಲ ಅಂತಾರೆ. ಅದು ತಿಂತಿಲ್ಲ ಅಲ್ಲ, ಅದಕ್ಕೆ ತಿನ್ನಕ್ಕಾಗ್ತಿಲ್ಲ."

ಅಂದರೆ ಹೇಗೆ ಅಂತ ಕೇಳಿದೆ.

"ಹುಳ ನೋಡತ್ತೆ. ತಿರುಗಿ ಕೂರತ್ತೆ. ಮುಂದಕ್ಕೆ ಬಗ್ಗಿ ನಾಲಿಗೆ ಹಾಕತ್ತೆ. ನಾಲಿಗೆ ಹುಳಕ್ಕೆ ತಾಗತ್ತೆ, ಹುಳ ಮಾತ್ರ ಅಂಟಲ್ಲ. ಗೋಂದು ಒಣಗಿದ ಸ್ಟಾಂಪ್ ಇರತ್ತಲ್ಲ, ಹಾಗೆ. ನಾಲ್ಕು ಸಲ ನೋಡಿದೆ. ಆಮೇಲೆ ಬೇಜಾರಾಗಿ ಕಣ್ಣು ಮುಚ್ಚಿ ಕೂತುಬಿಡತ್ತೆ."

ನಾನು ಕೂತಿದ್ದಲ್ಲಿಂದ ಎದ್ದೆ. ಇದಕ್ಕಿಂತ ಚೆನ್ನಾದ ವರ್ಣನೆ ನಾನು ಪಾಠಪುಸ್ತಕದಲ್ಲೂ ಓದಿಲ್ಲ. ಇದನ್ನು ನಮ್ಮವರು ಗಿಡ್ಡ ನಾಲಿಗೆಯ ಕಾಯಿಲೆ ಅನ್ನುತ್ತಾರೆ. ನಾಲಿಗೆ ನಿಜವಾಗಿ ಗಿಡ್ಡವಾಗಿರುವುದಿಲ್ಲ. ವಿಟಮಿನ್ ಎ ಸಾಲದೆ ಹೋದರೆ ನಾಲಿಗೆಯಲ್ಲಿ ಅಂಟು ಲೋಳೆ ಮಾಡುವ ಗ್ರಂಥಿಗಳ ಜಾಗದಲ್ಲಿ ಒಣ, ಚರ್ಮದಂಥ ಪದರ ಬೆಳೆಯುತ್ತದೆ. ಅಂಟಿಲ್ಲದ ನಾಲಿಗೆ ಹುಳುವಿಗೆ ತಾಗಿ ಬರಿದೇ ವಾಪಸ್ ಬರುತ್ತದೆ. ನೋಡುವವರಿಗೆ ಅದು ಗುರಿ ಮುಟ್ಟಲೇ ಇಲ್ಲ ಅನ್ನಿಸುತ್ತದೆ. ವಯೋಮಿಂಗ್ ಟೋಡ್ ಅಂತ ಒರಟು ಮೈಯ ಒಂದು ನೆಲಗಪ್ಪೆ ಇದೆ. ಅಳಿದೇಹೋಗುವ ಹಂತದಲ್ಲಿದ್ದ ಅದನ್ನು ಝೂಗಳಲ್ಲಿ ಸಾಕಿ ಮರಿ ಮಾಡಿಸುವಾಗ ಈ ತೊಂದರೆ ಚೆನ್ನಾಗಿ ಗಮನಕ್ಕೆ ಬಂತು.

"ಪುಟ್ಟಿಯ ಸೈನ್ಸ್ ಬುಕ್ ಇದೆಯಾ ಅಲ್ಲಿ?" ಅಂತ ಕೇಳಿದೆ.

ಪುಸ್ತಕದಲ್ಲಿ ಇದ್ದದ್ದು

ಮರುದಿನ ಎಲ್ಲರೂ ಬಂದರು. ಪುಸ್ತಕವೂ ಬಂತು. ಚೌಕುಳಿ ಹಾಳೆ, ನೇರಳೆ ಪೆನ್ನು, ಪಕ್ಕದಲ್ಲಿ ಕಿರೀಟ ಹಾಕಿದ ಕಪ್ಪೆಯ ಚಿತ್ರ. ಜನವರಿ 86. ಫೆಬ್ರವರಿ 85. ಮಾರ್ಚ್ 81. ಏಪ್ರಿಲ್ 78. ಅಲ್ಲಿಗೆ ಪ್ರಾಜೆಕ್ಟ್ ಮುಗಿದಿತ್ತು, ತೂಗುವುದೂ ನಿಂತಿತ್ತು.

ಲಡ್ಡು ಬಂದದ್ದು ಮೇನಲ್ಲಿ. ಅಂದರೆ ಅವನು ಕಾಲಿಡುವ ಮೊದಲೇ ಪಡ್ಡು ಎಂಟು ಗ್ರಾಂ ಕಳೆದುಕೊಂಡಿದ್ದಳು. ನನಗೆ ಬೇಕಿದ್ದ ಮುಖ್ಯ ಸಾಕ್ಷಿ ಮೊದಲ ದಿನವೇ ಹತ್ತು ವರ್ಷದ ಹುಡುಗಿಯ ಬ್ಯಾಗಿನಲ್ಲಿತ್ತು.

ಹಾಗಾದರೆ ಇಷ್ಟು ತಿಂಗಳು ಯಾರಿಗೂ ಯಾಕೆ ತಿಳಿಯಲಿಲ್ಲ? ರಾತ್ರಿ ಹತ್ತು ಹುಳು ಬಿಡುತ್ತಿದ್ದರು, ಬೆಳಿಗ್ಗೆ ಒಂದೂ ಕಾಣುತ್ತಿರಲಿಲ್ಲ. ತಿಂದಿದೆ ಅಂದುಕೊಂಡರು. ತೊಟ್ಟಿ ಖಾಲಿ ಮಾಡಿದ ದಿನ ನಾರಿನ ಅಡಿಯಿಂದ, ಹಿಂದಿನ ಥರ್ಮೋಕೋಲ್ ಹಲಗೆಯ ಸಂದಿಯಿಂದ ಹುಳುಗಳ ದಂಡೇ ಹೊರಬಂದಿತ್ತಂತೆ. ಅದನ್ನು ನನಗೆ ಹೇಳಬೇಕು ಅಂತ ಅವರಿಗೆ ಹೊಳೆದಿರಲಿಲ್ಲ. ನಾನೂ ಕೇಳಿರಲಿಲ್ಲ. ತಿನ್ನದೆ ಉಳಿದ ಹುಳು ರಾತ್ರಿ ಕಪ್ಪೆಯನ್ನೇ ಕಚ್ಚುತ್ತದೆ. ಪಡ್ಡುವಿನ ಎರಡು ಬೆರಳತುದಿಯಲ್ಲಿ ಸಣ್ಣ ಗಾಯ ಇತ್ತು. ನಾನು ಅದನ್ನು ಮೊದಲ ದಿನ ಕೈಟ್ರಿಡ್ ಲೆಕ್ಕಕ್ಕೆ ಹಾಕಿದ್ದೆ.

ಈಗ ಒಂದೊಂದನ್ನೇ ಬಿಡಿಸಿದೆವು. ಪುಡಿಯ ಡಬ್ಬಿ ತರಿಸಿದೆ. ಎರಡು ವರ್ಷದ ಹಿಂದೆ ತೆರೆದದ್ದು, ದೀಪದ ಬಿಸಿ ತಾಗುವ ಹಾಗೆ ತೊಟ್ಟಿಯ ಮೇಲೆಯೇ ಇಡುತ್ತಿದ್ದರು. ಕ್ಯಾಲ್ಸಿಯಂ ಎಲ್ಲೂ ಹೋಗುವುದಿಲ್ಲ, ವಿಟಮಿನ್‌ಗಳು ಮಾತ್ರ ಬಿಸಿಗೆ, ಗಾಳಿಗೆ ಸಾಯುತ್ತವೆ. ಲೇಬಲ್ಲಿನಲ್ಲಿ ವಿಟಮಿನ್ ಎ ಅಂತ ಇತ್ತು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬೀಟಾ ಕ್ಯಾರೋಟಿನ್ ಅಂತ. ಕ್ಯಾರೆಟ್ಟಿನಲ್ಲಿ ಇರುವುದೂ ಅದೇ. ಮನುಷ್ಯರ ಮೈ ಅದನ್ನು ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ. ಹಲವು ಕಪ್ಪೆಗಳಿಗೆ ಆ ಕೆಲಸ ಸರಿಯಾಗಿ ಬರುವುದಿಲ್ಲ. ಅವಕ್ಕೆ ರೆಟಿನಾಲ್ ಅನ್ನುವ ಸಿದ್ಧರೂಪವೇ ಬೇಕು. ಕಾಡಿನಲ್ಲಿ ಹತ್ತಾರು ಬಗೆಯ ಹುಳು ತಿಂದು ಹೇಗೋ ನಡೆಯುತ್ತದೆ. ಅಂಗಡಿಯ ಒಂದೇ ಜಾತಿಯ ಕ್ರಿಕೆಟ್ ಹುಳುವಿನಲ್ಲಿ ಅದು ಇಲ್ಲವೆನ್ನುವಷ್ಟು ಕಮ್ಮಿ. "ಕ್ಯಾರೆಟ್ ಕಣ್ಣಿಗೆ ಒಳ್ಳೇದು ಅಂತ ನಾನೇ ಹಾಕಿಸ್ತಿದ್ದೆ" ಅಂತ ಅಮ್ಮ ಪೆಚ್ಚಾದರು. ಅವರ ತಪ್ಪೇನಿಲ್ಲ, ನಮಗೆಲ್ಲ ಹಾಗೇ ಹೇಳಿಕೊಟ್ಟದ್ದು.

ನೀರಿನದೂ ಇಂಥದ್ದೇ ಕತೆ. ಕ್ಲೋರಿನ್ ಆದರೆ ರಾತ್ರಿಯಿಡೀ ತೆರೆದಿಟ್ಟರೆ ಹಾರಿಹೋಗುತ್ತದೆ. ಇವರ ಊರಿನ ನೀರಿಗೆ ಹಾಕುವುದು ಕ್ಲೋರಮೈನ್. ಅದು ಹಾಗೆಲ್ಲ ಹೋಗುವುದಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ಕ್ಲೋರಮೈನ್ ತೆಗೆಯುತ್ತದೆ ಅಂತ ಬರೆದಿರುವ ದ್ರವವನ್ನೇ ಹಾಕಬೇಕು. ಇದರಿಂದಲೇ ಪಡ್ಡು ಕೆಟ್ಟಳು ಅನ್ನಲಾರೆ. ಆದರೆ ಚರ್ಮದಿಂದ ಕುಡಿಯುವ ಪ್ರಾಣಿಗೆ ಎರಡು ವರ್ಷ ಆ ನೀರು ಕೊಟ್ಟದ್ದು ಒಳ್ಳೆಯದಂತೂ ಮಾಡಿರಲಾರದು.

ಮಾಡಿದ್ದು, ಆದದ್ದು

ವಿಟಮಿನ್ ಎ ಕೊರತೆ ಅಂತ ಪಕ್ಕಾ ಹೇಳಲು ನಾಲಿಗೆಯ ತುಣುಕು ತೆಗೆದು ನೋಡಬೇಕು. 67 ಗ್ರಾಮಿನ, ಸೊರಗಿದ ಕಪ್ಪೆಗೆ ಅರಿವಳಿಕೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಆಹಾರದ ಇತಿಹಾಸ, ಪುಸ್ತಕದ ತೂಕ, ಅಜ್ಜಿಯ ಸಾಕ್ಷಿ ಸಾಕು ಅಂತ ಚಿಕಿತ್ಸೆ ಶುರು ಮಾಡಿದೆ. ಮೇಜಿನ ಮೇಲೆ ನಾನೇ ಒಂದು ಹುಳು ಬಿಟ್ಟು ನೋಡಿದೆ. ಅಜ್ಜಿ ಹೇಳಿದ ಹಾಗೇ ಆಯಿತು. ನಾಲಿಗೆ ಬಂತು, ತಾಗಿತು, ಹುಳು ಹಾರಿ ನನ್ನ ಕೀಬೋರ್ಡ್ ಮೇಲೆ ಕೂತಿತು.

ಕೊಟ್ಟದ್ದು ರೆಟಿನಾಲ್ ಹನಿ, ತೂಕಕ್ಕೆ ಲೆಕ್ಕ ಹಾಕಿ. ದಯವಿಟ್ಟು ಮನುಷ್ಯರ ಮಾತ್ರೆ ಒಡೆದು ಹಾಕಬೇಡಿ. ಈ ವಿಟಮಿನ್ ಮೈಯಲ್ಲಿ ಉಳಿದುಕೊಳ್ಳುತ್ತದೆ, ಜಾಸ್ತಿಯಾದರೆ ಅದೂ ವಿಷವೇ. ನಾಲಿಗೆ ಸುಧಾರಿಸಲು ವಾರಗಟ್ಟಲೆ ಬೇಕು, ಅಲ್ಲಿಯವರೆಗೆ ಹೊಟ್ಟೆಗೆ? ಮೆತ್ತಗಿನ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಬಾಯಿ ಬಿಡಿಸಿ, ವಾರಕ್ಕೆ ಮೂರು ಸಲ ಒಳಗೆ ಇಡುವುದು. ಮೆತ್ತಗಿರಲಿ ಅಂತ ರೇಷ್ಮೆಹುಳು ಹೇಳಿದೆ, ಇಲ್ಲಿ ಅದು ಸಾಕುಪ್ರಾಣಿಗಳ ಆಹಾರವಾಗಿ ಸಿಗುತ್ತದೆ. ಅಜ್ಜಿ ನಕ್ಕರು: "ರಾಮನಗರದ ಮಾರ್ಕೆಟ್ಟಿಗೆ ಹೋಗಬೇಕಾದ್ದು ಇಲ್ಲಿ ಕಪ್ಪೆ ಬಾಯಿಗೆ!" ಹುಳುವನ್ನು ಒಳಗಿಟ್ಟರೆ ಪಡ್ಡು ಕಣ್ಣು ಮುಚ್ಚುತ್ತಿದ್ದಳು. ಕಪ್ಪೆ ನುಂಗುವಾಗ ಕಣ್ಣುಗುಡ್ಡೆ ಒಳಕ್ಕಿಳಿದು ಆಹಾರವನ್ನು ಗಂಟಲಿಗೆ ತಳ್ಳುತ್ತದೆ. ಪುಟ್ಟಿ ಅದನ್ನೂ ಪುಸ್ತಕದಲ್ಲಿ ಬರೆದಳು.

ಎರಡು ವಾರ 67ರಲ್ಲೇ ನಿಂತಳು. ಒಂದು ದಿನ 66 ತೋರಿಸಿತು. ಅಪ್ಪ ರಾತ್ರಿ ಹತ್ತಕ್ಕೆ ಮೆಸೇಜ್ ಮಾಡಿದರು, ನಾನೂ ಹೆದರಿದೆ. ಡಬ್ಬಿ ಬದಲಿಸಿಲ್ಲ, ಔಷಧ ಬದಲಿಸಿಲ್ಲ, ಇನ್ನೊಂದು ವಾರ ಕಾಯೋಣ ಅಂದೆ. ಜುಲೈ ಮಧ್ಯದಲ್ಲಿ ಅಜ್ಜಿ ವಿಡಿಯೋ ಕಳಿಸಿದರು. ಅರ್ಧ ಅವರ ಹೆಬ್ಬೆರಳು, ಉಳಿದರ್ಧದಲ್ಲಿ ಇಕ್ಕಳದ ತುದಿಯ ಹುಳು ಪಟ್ಟನೆ ಮಾಯ. ಆಗಸ್ಟಿನಲ್ಲಿ 70, ಅಕ್ಟೋಬರಿನಲ್ಲಿ 76. ಕೈಟ್ರಿಡ್ ಪರೀಕ್ಷೆ ಮೂರು ಸಲ ನೆಗೆಟಿವ್ ಬಂದ ಮೇಲೆ ಹೊಸದಾಗಿ ಕಟ್ಟಿದ ತೊಟ್ಟಿಗೆ ವಾಪಸಾದಳು.

ಲಡ್ಡುವನ್ನು ಕೊಂದದ್ದು ಕೈಟ್ರಿಡ್ಡೇ ಅಂತ ನನ್ನ ಅನುಮಾನ. ಗುಲಾಬಿ ಬುಡದಲ್ಲಿ ಹೋದ ಉತ್ತರ ಅದು. ಅವನು ಬಂದದ್ದರಿಂದ ಪಡ್ಡು ಬದುಕಿದಳು ಅನ್ನಬಹುದೇನೋ, ಅವನು ಸಾಯದಿದ್ದರೆ ಅವಳನ್ನು ಇನ್ನೂ ಎರಡು ತಿಂಗಳು ಯಾರೂ ಕರೆತರುತ್ತಿರಲಿಲ್ಲ.

ಈಗ ಆ ಮನೆಯಲ್ಲಿ

ಹೊಸ ಕಪ್ಪೆ ಬಂದರೆ ಬೇರೆ ಕೋಣೆ, ಬೇರೆ ಡಬ್ಬಿ, ಬೇರೆ ಇಕ್ಕಳ. ಕನಿಷ್ಠ ಅರವತ್ತು ದಿನ ಅಂತ ಹೇಳಿದ್ದೇನೆ. ಮೊದಲು ಹಳೆಯ ಕಪ್ಪೆಯ ಕೆಲಸ ಮುಗಿಸಿ, ಕೊನೆಗೆ ಹೊಸದರ ಹತ್ತಿರ ಹೋಗಬೇಕು. ಪಿಸಿಆರ್, ಮಲ ಪರೀಕ್ಷೆ ಆಗದೆ ಭೇಟಿ ಇಲ್ಲ. ಸದ್ಯಕ್ಕೆ ಹೊಸದನ್ನು ತರುವ ಯೋಚನೆಯೇ ಅವರಿಗಿಲ್ಲ.

ಊಟ ವಾರಕ್ಕೆ ಮೂರು ದಿನ, ಎಣಿಸಿ, ಯಾರಾದರೂ ಎದುರಿಗೆ ಕೂತು. ಬೆಳೆದ ಕಪ್ಪೆಗೆ ದಿನಾ ಬೇಕಿಲ್ಲ, ಈ ಜಾತಿ ಬೇಗ ಕೊಬ್ಬುತ್ತದೆ ಕೂಡ. ಉಳಿದ ಹುಳು ವಾಪಸ್ ಡಬ್ಬಿಗೆ. ರೆಟಿನಾಲ್ ಇರುವ ಪುಡಿ, ಡಬ್ಬಿಯ ಮೇಲೆ ತೆರೆದ ತಾರೀಖು ಬರೆದ ಪಟ್ಟಿ, ಆರು ತಿಂಗಳಾದರೆ ಕಸಕ್ಕೆ.

ತೂಗುವುದರ ಬಗ್ಗೆ ಒಂದು ಜಗಳವೂ ನಡೆಯಿತು. ಅಡುಗೆಮನೆಯ ಸ್ಕೇಲಿನಲ್ಲೇ ಪಡ್ಡುವನ್ನು ತೂಗುತ್ತಿದ್ದರು. ಅದೇ ಸ್ಕೇಲಿನಲ್ಲಿ ಮೈದಾ. ನೀರಿನ ಬಟ್ಟಲು ತೊಳೆಯುವುದೂ ಅಡುಗೆಮನೆಯ ಸಿಂಕಿನಲ್ಲಿ. ಅಜ್ಜಿ ಮೈಲಿಗೆ ಅಂದರು, ಅಪ್ಪ ನಕ್ಕರು. ನಾನು ಅಜ್ಜಿಯ ಪಕ್ಷ. 2009ರಿಂದ 2011ರ ನಡುವೆ ಅಮೆರಿಕದಲ್ಲಿ ಸಾಕುಗಪ್ಪೆಗಳಿಂದ ಸಾಲ್ಮೊನೆಲ್ಲಾ ಹಬ್ಬಿ ಹಲವು ರಾಜ್ಯಗಳಲ್ಲಿ ಜನ ಮಲಗಿದ್ದರು, ಹೆಚ್ಚಿನವರು ಸಣ್ಣ ಮಕ್ಕಳು. ಅಜ್ಜಿಯ ಮಡಿ, ನನ್ನ ಸಾಲ್ಮೊನೆಲ್ಲಾ, ಎರಡೂ ಒಂದೇ ಕಡೆ ಬಂದು ನಿಂತವು. ಈಗ ಕಪ್ಪೆಗೆ ಬೇರೆ ಸ್ಕೇಲು, ಬೇರೆ ಬಕೆಟ್ಟು. ಮುಟ್ಟುವ ಮೊದಲು ಸೋಪಿಲ್ಲದ ಹಾಗೆ ಕೈ ತೊಳೆದುಕೊಳ್ಳುವುದು ಕಪ್ಪೆಗಾಗಿ, ಮುಟ್ಟಿದ ಮೇಲೆ ಸೋಪು ಹಾಕಿ ತೊಳೆಯುವುದು ನಮಗಾಗಿ.

ನನ್ನ ಕ್ಲಿನಿಕ್ಕಿನಲ್ಲೂ ಎರಡು ಬದಲಾವಣೆ. ಫಾರಂನಲ್ಲಿ "ತಿನ್ನುತ್ತಿದೆಯೇ" ಅನ್ನುವ ಪ್ರಶ್ನೆ ತೆಗೆದು "ಕೊನೆಯ ಸಲ ಅದು ನುಂಗಿದ್ದನ್ನು ಯಾರು ಕಣ್ಣಾರೆ ನೋಡಿದರು, ಯಾವತ್ತು" ಅಂತ ಹಾಕಿದ್ದೇನೆ. ಮಕ್ಕಳು ಜೊತೆಗೆ ಬಂದರೆ ಮೊದಲ ಪ್ರಶ್ನೆ ಅವರಿಗೇ.

ಅಜ್ಜಿ ಸೆಪ್ಟೆಂಬರಿನಲ್ಲಿ ಊರಿಗೆ ವಾಪಸಾದರು. ಭಾನುವಾರದ ಫೋನಿನಲ್ಲಿ ಮೊಮ್ಮಗಳ ಪರೀಕ್ಷೆಗಿಂತ ಮೊದಲು ಕೇಳುವುದು "ಎಷ್ಟಾಯ್ತೇ ತೂಕ?" ಅಂತಲೇ. ಕಳೆದ ಸಲ ಪುಟ್ಟಿ ಪುಸ್ತಕ ತಂದಾಗ ಕೊನೆಯ ಸಾಲು ನೋಡಿದೆ. ಈಗಲೂ ನೇರಳೆ ಪೆನ್ನೇ. "ಪಡ್ಡು 82. ಹುಳು 5. ಅಂಟಿದ್ದು 5."